ಮುನಿಯಣ್ಣನ ಹೆಸರಿನಲ್ಲಿ

ಅನುಸೂಯಮ್ಮನಿಗೆ ಒಂದು ಕಡೆ ಕೂತು ಗೊತ್ತಿಲ್ಲ ಎಂದು ಕಾಡುಗೋಡಿಯ ಆ ಗಲ್ಲಿಯವರೆಲ್ಲ ಮೆಚ್ಚಿಕೊಂಡೇ ಹೇಳುತ್ತಿದ್ದರು. ಬೆಳಕು ಹರಿಯುವ ಮುಂಚೆ ಬಾಗಿಲಿಗೆ ನೀರು ಹಾಕಿದವಳು ಕೆಳಗಿನ ಬಾಡಿಗೆ ಕೋಣೆಗಳ ಮುಂದೆ ಗುಡಿಸಿ, ಸಂಪಿನ ಮೋಟರ್ ಹಾಕಿ, ಮೇಲೆ ಹೋಗಿ ಒಲೆ ಹಚ್ಚಿ, ಮತ್ತೆ ಕೆಳಗಿಳಿದು ಯಾರ ಮನೆಯ ನಲ್ಲಿ ಸೋರುತ್ತಿದೆ ಎಂದು ನೋಡಿ, ಮತ್ತೆ ಮೇಲೆ ಹತ್ತುವಳು. ಬಾಯಲ್ಲಿ ಸದಾ ಎಲೆಯಡಿಕೆ, ಲವಂಗ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಬಾಡಿಗೆಯವರು ನಗುತ್ತಿದ್ದರು.

ಮೇಲೆ ಹತ್ತಿದಾಗಲೆಲ್ಲ ಅವಳು ಏನು ಮಾಡುತ್ತಿದ್ದಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ರಾಗಿ ಹಿಟ್ಟಿನ ಡಬ್ಬಿಯೊಳಗೆ, ಹಿಟ್ಟಿನ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ವಿಸ್ಕಿಯ ಪುಟ್ಟ ಪ್ಯಾಕೆಟ್ಟುಗಳಿರುತ್ತಿದ್ದವು. ಒಂದನ್ನು ತೆಗೆದು, ಮೂಲೆ ಕತ್ತರಿಸಿ, ಮಜ್ಜಿಗೆ ಲೋಟಕ್ಕೆ ಸುರಿದುಕೊಂಡು ನಿಂತ ಕಾಲಲ್ಲೇ ಕುಡಿದು, ಬಾಯಿಗೆ ಎಲೆ ಹಾಕಿಕೊಂಡು ಇಳಿದು ಬರುತ್ತಿದ್ದಳು.

ಹೇಗೆ ಶುರುವಾಯಿತು ಎಂದರೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಹೋಪ್‌ಫಾರ್ಮ್ ಹತ್ತಿರದ ಒಂದು ಪಿಜಿಯಲ್ಲಿ ಹುಡುಗರಿಗೆ ಅಡುಗೆ ಮಾಡಲು ಹೋಗುತ್ತಿದ್ದ ಕಾಲದಲ್ಲಿ, ನೆಗಡಿಯಾಗಿ ಮೈ ಜಡ್ಡುಗಟ್ಟಿದಾಗ, ಜೊತೆಯ ಅಡುಗೆಯವಳು ಬಿಸಿನೀರಿಗೆ ಮೆಣಸಿನ ಪುಡಿ ಹಾಕಿ ಒಂದು ಮುಚ್ಚಳ ಬ್ರಾಂದಿ ಕೊಟ್ಟಿದ್ದಳು. ನೆಗಡಿ ಹೋಯಿತು. ಬ್ರಾಂದಿ ಹೋಗಲಿಲ್ಲ. ಅವಳ ಅಜ್ಜಿ ಮಾರಕ್ಕ ಕಳೆ ಕಿತ್ತು ಬಂದ ಸಂಜೆ ಎಲ್ಲರೆದುರೇ ಸಾರಾಯಿ ಕುಡಿದವಳು. ಆಗ ಹೊಲದ ಹೆಂಗಸರಿಗೆ ಅದೊಂದು ನಾಚಿಕೆಯ ವಿಷಯವಾಗಿರಲಿಲ್ಲ. ಈಗ ಹೊಲವೂ ಇಲ್ಲ, ಕಳೆಯೂ ಇಲ್ಲ. ಎರಡಂತಸ್ತಿನ ಮನೆಯ ಓನರಮ್ಮ ಕುಡಿಯುತ್ತಾಳೆ ಎಂದರೆ ಮಗಳು ತಲೆಯೆತ್ತಿ ಓಡಾಡಲಾದೀತೇ? ಹಾಗಾಗಿ ಅವಳು ಮನೆಯ ಹತ್ತಿರದ ಅಂಗಡಿ ಬಿಟ್ಟು ಚನ್ನಸಂದ್ರದ ಕಡೆಯ ಅಂಗಡಿಗೆ ಹೋಗುತ್ತಿದ್ದಳು. ಕಬ್ಬಿಣದ ಸರಳಿನ ಆಚೆ ಕೂತವನು ಮುಖ ನೋಡಿದರೆ, "ನಮ್ ಯಜಮಾನ್ರಿಗೆ" ಅನ್ನುತ್ತಿದ್ದಳು.

ಆ ಯಜಮಾನ, ಮುನಿಯಣ್ಣ, ಹುಟ್ಟಿದಂದಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ. ಅವನು ಅವಳ ಸೋದರಮಾವನೇ. ಮಾರಕ್ಕನ ಕೊನೆಯ ಮಗ. ಕಾರ್ಖಾನೆಯೊಂದರ ಬಸ್ಸು ಓಡಿಸಿ ನಿವೃತ್ತನಾಗಿದ್ದ. ಶನಿವಾರ ಭಜನೆ, ಉಳಿದ ದಿನ ಪೇಪರು, ಮೊಮ್ಮಗಳು. ಮಾತು ಕಡಿಮೆ.

ಮೊಮ್ಮಗಳ ದೆಸೆಯಿಂದಲೇ ಎಲ್ಲ ಬುಡಮೇಲಾಯಿತು. ಮಗಳು ಶಾಂತಿ ಹೂಡಿಯ ಒಂದು ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಹಗಲೆಲ್ಲ ಪುಟ್ಟಿಯನ್ನು ನೋಡಿಕೊಳ್ಳುವುದು ಅನುಸೂಯಮ್ಮನ ಪಾಲಿನದು. ಒಂದು ಮಧ್ಯಾಹ್ನ ಮುನಿಯಣ್ಣ ಬೆಸ್ಕಾಂ ಆಫೀಸಿಗೆ ಹೋಗಿದ್ದಾಗ, ಪುಟ್ಟಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಇವಳೂ ಒರಗಿದಳು. ಎಚ್ಚರವಾದಾಗ ಯಾರೋ ಬಾಗಿಲು ಬಡಿಯುತ್ತಿದ್ದರು. ಕೆಳಗಿನ ಕೋಣೆಯ ಭಾಗ್ಯಶ್ರೀ. ಅವಳ ಸೊಂಟದ ಮೇಲೆ ಪುಟ್ಟಿ.

"ಕೂಸು ರೋಡಿಗಿ ಹೋಗಿತ್ರಿ ಅಮ್ಮಾರ. ನೀರಿನ ಟ್ಯಾಂಕರ್‌ನವ ಬ್ರೇಕ್ ಹಾಕಿ ಬೈಕೋತ ನಿಂತಿದ್ದ. ನಾ ಅಂಗಡಿಯಿಂದ ಬರ್ತಿದ್ದೆ, ಎತ್ಕೊಂಡು ಬಂದೆ."

ಅನುಸೂಯಮ್ಮ ಒಮ್ಮೆ ಹಿಂತಿರುಗಿ ಖಾಲಿ ಹಾಸಿಗೆಯನ್ನು ನೋಡಿದಳು. ಮಗುವನ್ನು ಈಸಿಕೊಳ್ಳಲು ಕೈ ಚಾಚಿದಳು.

"ಆರಾಮಿಲ್ಲೇನ್ರಿ? ಮಾರಿ ಹಿಂಗ್ಯಾಕ ಆಗ್ಯದ?" ಎಂದಳು ಭಾಗ್ಯಶ್ರೀ. ಅವಳು ಯಾದಗಿರಿ ಕಡೆಯವಳು, ಗಂಡ ಸಿದ್ರಾಮ ಟೈಲ್ಸ್ ಕೂರಿಸುವ ಕೆಲಸದವನು.

"ಬಿಪಿ ಕಣಮ್ಮ. ಶಾಂತಿಗೆ ಏಳ್ಬೇಡ, ಗಾಬ್ರಿ ಆಯ್ತಾಳೆ."

ಅಂದಿನಿಂದ ಅನುಸೂಯಮ್ಮನಿಗೆ ಕೂತರೆ ಮುಳ್ಳು, ನಿಂತರೆ ಮುಳ್ಳು. ಕಣ್ಣು ಮುಚ್ಚಿದರೆ ಟ್ಯಾಂಕರಿನ ಮುಂದಿನ ಚಕ್ರ. ಬಿಟ್ಟೇಬಿಡುತ್ತೇನೆ ಎಂದು ಪ್ಯಾಕೆಟ್ಟುಗಳನ್ನೆಲ್ಲ ಬಚ್ಚಲಿಗೆ ಸುರಿದಳು. ಮಾರನೆಯ ದಿನಕ್ಕೇ ಮೈಮೇಲೆ ಇರುವೆ ಹರಿದಂತೆ, ಬೆವರು, ವಾಕರಿಕೆ. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಅದರ ಮಾರನೆಯ ದಿನ ಚನ್ನಸಂದ್ರದ ಅಂಗಡಿಯ ಮುಂದೆ ಬಾಗಿಲು ತೆಗೆಯುವುದನ್ನೇ ಕಾಯುತ್ತ ನಿಂತಿದ್ದಳು. ಹೀಗೆ ಎರಡು ಮೂರು ಸಲ ಆಯಿತು. ಪ್ರತಿ ಸಲ ಸೋತು ಬಂದಾಗಲೂ ಅವಳ ಕಣ್ಣು ಕೆಳಗಿನ ಕೋಣೆಯ ಸಿದ್ರಾಮನ ಮೇಲೆ ಬೀಳುತ್ತಿತ್ತು. ಅವನು ಹಿಂದೆ ದಿನ ಬಿಟ್ಟು ದಿನ ಚರಂಡಿಯಲ್ಲಿ ಬಿದ್ದಿರುತ್ತಿದ್ದವನು. ಮುನಿಯಣ್ಣನೇ ಎಷ್ಟೋ ಸಲ ಎತ್ತಿ ತಂದು ಮಲಗಿಸಿದ್ದ. ಖಾಲಿ ಮಾಡಿಸಿಬಿಡೋಣ ಎಂದು ಇವಳೇ ಜಗಳ ತೆಗೆದಿದ್ದಳು. ಈಗ ವರ್ಷದ ಮೇಲಾಯಿತು, ಸಿದ್ರಾಮ ಸಂಜೆ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಹೆಂಡತಿಯ ಜೊತೆ ಸಂತೆಗೆ ಹೋಗುತ್ತಾನೆ. ಅದು ಹೇಗೆ?

ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ಕೊನೆಗೂ ಕೇಳಿದಳು. "ಭಾಗ್ಯ, ನಿಮ್ಮನೆಯವ್ರು ಎಂಗಮ್ಮ ಬಿಟ್ರು?"

"ಏನು ಬಿಟ್ಟಿದ್ರಿ?"

"ಅದೇ. ಎಣ್ಣೆ."

ಭಾಗ್ಯಶ್ರೀ ಒದ್ದೆ ಸೀರೆಯನ್ನು ಹಾಗೇ ಹಿಡಿದು ನಿಂತಳು. "ಮೀಟಿಂಗಿಗಿ ಹೋಗ್ತಾರ್ರಿ. ಮಹದೇವಪುರದಾಗ ಒಂದು ಸಾಲಿ ಅದ. ಐತವಾರ ಸಂಜೀಕ ಅಲ್ಲಿ ಕುಡಿತ ಬಿಟ್ಟೋರು, ಬಿಡಬೇಕನ್ನೋರು ಎಲ್ಲಾ ಕೂಡ್ತಾರ. ರೊಕ್ಕ ಗಿಕ್ಕ ಕೇಳಂಗಿಲ್ಲ. ಯಾಕ್ರಿ?"

"ನಮ್ಮನೇಲೂ ಒಬ್ರು..." ಎಂದಳು ಅನುಸೂಯಮ್ಮ.

"ಅಯ್ಯ ಶಿವನೇ. ಮುನಿಯಣ್ಣಾರೇನ್ರಿ?"

ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕ್ಲಿಪ್ಪೊಂದನ್ನು ತೆಗೆದು ಮತ್ತೆ ಅದೇ ಬಟ್ಟೆಗೆ ಸಿಕ್ಕಿಸಿದಳು. ಭಾಗ್ಯಶ್ರೀ ಹತ್ತಿರ ಬಂದು ಅವಳ ಮುಂಗೈ ಹಿಡಿದುಕೊಂಡಳು.

"ಗೊತ್ತೇ ಆಗಂಗಿಲ್ಲ ನೋಡ್ರಿ, ಎಷ್ಟು ಶಾಂತ ಅದಾರ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಕುಡಿಯೋರ ಮನ್ಯಾಗಿನ ಹೆಣ್ಮಕ್ಕಳಿಗಿ ಅಲ್ಲೇ ಬ್ಯಾರೆ ರೂಮದ. ನೀವು ನನ್ನ ಕೂಡ ಬರ್ರಿ, ಆಮ್ಯಾಲ ಅವರನ್ನ ಕರ್ಕೊಂಡು ಹೋಗೂಣು."

ಆ ಭಾನುವಾರ ಅನುಸೂಯಮ್ಮ ಸತ್ಸಂಗಕ್ಕೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟಳು. ಹೊರಡುವ ಮುಂಚೆ ಡಬ್ಬಿಗೆ ಕೈ ಹಾಕಿಯೇ ಹೊರಟಿದ್ದಳು. ಮೆಟ್ರೋದಲ್ಲಿ ಗರುಡಾಚಾರ್‌ಪಾಳ್ಯಕ್ಕೆ ಹೋಗಿ, ಅಲ್ಲಿಂದ ರಿಂಗ್ ರೋಡಿನ ಧೂಳಿನಲ್ಲಿ ನಡೆದು, ಒಳಗಲ್ಲಿಯ ಒಂದು ಸಣ್ಣ ಶಾಲೆ ಸೇರಿದರು. ಸಿದ್ರಾಮ ಮುಂಚೆಯೇ ಬಂದು ಬೆಂಚು ಸರಿಸುತ್ತಿದ್ದ. ಒಂದೇ ಕಾರಿಡಾರಿನಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಕುಡಿತ ಬಿಟ್ಟವರು. ಹನ್ನೆರಡು ಹದಿಮೂರು ಗಂಡಸರು, ಕೆಲವರ ಕೊರಳಲ್ಲಿ ಇನ್ನೂ ಕಂಪನಿಯ ಐಡಿ ಕಾರ್ಡು, ಒಬ್ಬ ಸೆಕ್ಯುರಿಟಿ ಸಮವಸ್ತ್ರದಲ್ಲಿ. ಅನುಸೂಯಮ್ಮನ ಕಾಲು ಆ ಬಾಗಿಲ ಬಳಿ ತಾನಾಗಿ ನಿಧಾನವಾಯಿತು. "ಅದಲ್ರಿ, ನಮ್ಮದು ಈ ಕಡಿ" ಎಂದು ಭಾಗ್ಯಶ್ರೀ ತೋಳು ಹಿಡಿದು ಎರಡನೆಯ ಕೋಣೆಗೆ ಕರೆದುಕೊಂಡು ಹೋದಳು.

ಅಲ್ಲಿ ಪುಟ್ಟ ಮಕ್ಕಳ ಕುರ್ಚಿಗಳ ಮೇಲೆ ಏಳೆಂಟು ಹೆಂಗಸರು ಮೊಣಕಾಲು ಮಡಿಸಿ ಕೂತಿದ್ದರು. ನೀಲಾಂಬಿಕಾ ಎಂಬ ನಿವೃತ್ತ ಟೀಚರು ಅವರಿಗೆಲ್ಲ ಹಿರಿಯಳಂತೆ. "ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗೋದು. ಮನಸಾದ್ರೆ ಮಾತಾಡಿ, ಇಲ್ಲಾಂದ್ರೆ ಸುಮ್ಮನೆ ಕೂತಿರಿ" ಎಂದರು.

ಸುಮ್ಮನೆ ಕೂರುವುದು ಅನುಸೂಯಮ್ಮನಿಂದ ಆಗುವ ಮಾತೇ? ಅವಳ ಸರದಿ ಬಂದಾಗ ಬಾಯಿ ತೆರೆದಳು. "ನಮ್ಮನೇಲಿ ಅವ್ರು ರಾಗಿ ಡಬ್ಬಿ ಒಳ್ಗೆ ಬಚ್ಚಿಡ್ತಾರೆ" ಎಂದು ಶುರು ಮಾಡಿದವಳು ನಿಲ್ಲಿಸಲಿಲ್ಲ. ಅವ್ರು ಮಜ್ಜಿಗೇಲಿ ಬೆರ್ಸ್ಕೊಂಡ್ ಕುಡೀತಾರೆ. ವಾಸ್ನೆ ಬರ್ದಿರ್ಲಿ ಅಂತ ಎಲೆಯಡಿಕೆ ಆಕ್ಕೋತಾರೆ. ಮೊಮ್ಮಗೀನ ನೋಡ್ಕೊಳ್ಳೋ ಒತ್ನಲ್ಲಿ ಕುಡಿದು ಮಲ್ಗಿದ್ರು, ಮಗು ರೋಡಿಗೋಯ್ತು. ಟ್ಯಾಂಕರು ನಿಂತಿತ್ತು. ಬಿಡ್ತೀನಿ ಅಂತಾರೆ, ಅವ್ರ ಕೈಲಿ ಆಯ್ತಾ ಇಲ್ಲ.

ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಹೆಂಗಸರೂ ಕಣ್ಣೊರೆಸಿಕೊಂಡರು. ಒಬ್ಬಳು ಚಹಾ ತಂದು ಕೊಟ್ಟಳು. ಹೇಳಿದ್ದರಲ್ಲಿ ಒಂದೇ ಒಂದು ಸುಳ್ಳಿತ್ತು. ಉಳಿದದ್ದೆಲ್ಲ ಅವಳು ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ನಿಜ. ಮರಳುವಾಗ ಮೆಟ್ರೋದ ಕಿಟಕಿಯ ಹೊರಗೆ ಗಾಜಿನ ಕಟ್ಟಡಗಳನ್ನು ನೋಡುತ್ತ ಎದೆ ಸ್ವಲ್ಪ ಹಗುರಾದಂತೆ ಅನ್ನಿಸಿತು, ಆ ಹಗುರಕ್ಕೇ ಹೆದರಿಕೆಯೂ ಆಯಿತು.

ವಾರ ವಾರ ಹೋಗತೊಡಗಿದಳು. ಕುಡಿಯುವುದು ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಗೋಡೆಯ ಆಚೆಯಿಂದ ಗಂಡಸರ ಮಾತು, ನಡುನಡುವೆ ಗೊಳ್ಳೆಂದು ನಗು ಕೇಳಿಬರುತ್ತಿತ್ತು. ಈ ಕೋಣೆಯಲ್ಲಿ ಅಷ್ಟು ನಗುವಿರಲಿಲ್ಲ. ಕುಡುಕರು ಕೂತು ಏನು ನಗುತ್ತಾರೆ, ಬಿಟ್ಟ ಮೊದಲ ವಾರ ಅವರ ಕೈಯೂ ನಡುಗಿತ್ತೆ, ಮೈಮೇಲೆ ಇರುವೆ ಹರಿದಿತ್ತೆ ಎಂದು ಕೇಳಬೇಕೆನಿಸುತ್ತಿತ್ತು. ಅವಳಿಗೆ ಬೇಕಾದದ್ದು ಆ ಗೋಡೆಯ ಆಚೆ ಇತ್ತು, ಅವಳು ಕೂತದ್ದು ಈಚೆ.

ಈಚೆ ಕೂತದ್ದಕ್ಕೆ ಇನ್ನೊಂದು ಸಂಕಟ ಅಂಟಿಕೊಂಡಿತು. ಒಂದು ಭಾನುವಾರ ನೀಲಾಂಬಿಕಾ ಮೇಡಂ ತಮ್ಮ ಹಳೆಯ ದಿನಗಳನ್ನು ಹೇಳಿಕೊಂಡರು. "ನಮ್ಮೆಜಮಾನ್ರು ಕುಡೀತಿದ್ದಾಗ ನಾನು ಮಲಗೋ ಮುಂಚೆ ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡ್ತಿದ್ದೆ. ಅವರನ್ನ ಒಬ್ಬರನ್ನೇ ಬಿಟ್ಟು ಯಾವ ಊರಿಗೂ ಹೋಗ್ತಿರಲಿಲ್ಲ. ಮದುವೆ ಮುಂಜಿಗೆ ಕರೆದ್ರೆ ಅವರಿಗೆ ಹುಷಾರಿಲ್ಲ ಅಂತ ನಾನೇ ಹೇಳಿಬಿಡ್ತಿದ್ದೆ. ಹಿಂಗೆ ಕಾಯೋದೇ ಒಂದು ಕೆಲಸ ಆಗಿಬಿಟ್ಟಿತ್ತು. ಆದ್ರೆ ಅವರನ್ನ ಒಂದು ಮಾತೂ ಕೇಳ್ತಿರಲಿಲ್ಲ."

ಕೇಳುತ್ತಿದ್ದ ಅನುಸೂಯಮ್ಮ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮನೆಯಲ್ಲಿ ರಾತ್ರಿ ರೆಗ್ಯುಲೇಟರ್ ಮುಟ್ಟಿ ನೋಡಿ ಬರುವವನು ಮುನಿಯಣ್ಣ. ಹೊರಗಿನ ಊರುಗಳ ಅಖಂಡ ಭಜನೆಗೆ ಹೋಗುವುದನ್ನು ಮಂಡಿನೋವೆಂದು ಅವನು ಬಿಟ್ಟು ಎಷ್ಟೋ ಕಾಲವಾಯಿತು. ಮಂಡಿಯೇನೋ ಚೆನ್ನಾಗಿಯೇ ಇದೆ. ನಿಮ್ಮಮ್ಮಂಗೆ ಬಿಪಿ ಎಂದು ಶಾಂತಿಗೆ ಮೊದಲು ಹೇಳಿದವನೂ ಅವನೇ. ಮತ್ತೆ ಗೇಟಿನ ಬೋಲ್ಟು? ಪುಟ್ಟಿಗೆ ಎಟುಕದಷ್ಟು ಎತ್ತರದಲ್ಲಿ ಹೊಸ ಬೋಲ್ಟೊಂದು ಬಂದಿತ್ತು, ಟ್ಯಾಂಕರಿನ ಆ ಘಟನೆಯಾದ ವಾರದಲ್ಲೇ. ಇವಳು ಅವನಿಗೆ ಏನೂ ಹೇಳಿರಲಿಲ್ಲ.

ಅಂದು ಮೀಟಿಂಗ್ ಮುಗಿಯುವವರೆಗೂ ಅವಳಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಮನೆಗೆ ಬಂದು ಗಂಡನ ಮುಖ ನೋಡಿದಳು. ಅವನು ಪುಟ್ಟಿಗೆ ಕಡಲೆಕಾಯಿ ಸುಲಿದು ಕೊಡುತ್ತಿದ್ದ. "ಸತ್ಸಂಗ ಆಯ್ತಾ?" ಎಂದ. "ಆಯ್ತು" ಎಂದಳು.

ಭಾಗ್ಯಶ್ರೀ ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದದ್ದು ನಿಜ. ಗಂಡನ ಮುಂದೆ ಮಾತ್ರ ಬಿಟ್ಟಿದ್ದಳು. ಒಂದು ಸಂಜೆ ಸಿದ್ರಾಮ ಕೆಲಸದಿಂದ ಬಂದವನು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಮೇಲೆ ಹತ್ತಿ ಬಂದ. ಮುನಿಯಣ್ಣ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ಅನುಸೂಯಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು.

"ಅಣ್ಣಾರ, ಒಂದು ಮಾತು ಆಡಬೇಕಿತ್ರಿ. ಸಿಟ್ಟಾಗಬ್ಯಾಡ್ರಿ."

"ಏಳಪ್ಪ."

"ನನ್ನ ಚರಂಡಿಯಿಂದ ಎತ್ತಿ ತಂದೋರು ನೀವು. ಅದನ್ನ ನಾ ಮರ್ತಿಲ್ಲ. ಅದಕ್ಕ ಬಂದೀನ್ರಿ. ನನ್ನ ಕಡೀಗೂ ಮಂದಿ ಬಂದು ಕೇಳಿದಾಗ, ನಾ ಮುಟ್ಟಂಗೇ ಇಲ್ಲ ಅಂದಿದ್ದೆ. ಹಂಗ ಹೇಳಾದು ನಮಗೆಲ್ಲ ರೂಢಿ. ನೀವೂ ಹಂಗ ಅಂದ್ರ ನಾ ತಪ್ಪು ತಿಳ್ಯಂಗಿಲ್ಲ. ಖರೇ ಹೇಳ್ರಿ ಅಂತ ಜುಲ್ಮಿನೂ ಮಾಡಂಗಿಲ್ಲ. ಒಂದೇ ಸಲ ಬಂದು ಕುಂದ್ರಿ."

ಅಡುಗೆಮನೆಯಲ್ಲಿ ಮುದ್ದೆ ಕೋಲು ನಿಂತುಹೋಯಿತು. ಈಗ ನಗುತ್ತಾನೆ, ಈಗ ಬೈಯುತ್ತಾನೆ, ನಾನ್ಯಾಕಪ್ಪ ಕುಡೀಲಿ ಅನ್ನುತ್ತಾನೆ ಎಂದು ಅನುಸೂಯಮ್ಮ ಕಾದಳು. ಹೊರಗೆ ಪೇಪರ್ ಮಡಿಸುವ ಸದ್ದಾಯಿತು.

"ಯಾರ್ ಏಳಿದ್ರು ನಿಂಗೆ?"

"ಅದು ಬಿಡ್ರಿ."

ಮುನಿಯಣ್ಣ ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ ಕೇಳಿದ. "ಯಾವತ್ತು ಮೀಟಿಂಗು?"

"ಐತವಾರ್ರಿ. ಸಂಜೀಕ."

"ಬತ್ತೀನಿ ನಡಿ."

ಸಿದ್ರಾಮ ಅವನ ಕಾಲು ಮುಟ್ಟಿ ಹೋದ ಸದ್ದು, ಮೆಟ್ಟಿಲಿಳಿದ ಸದ್ದು ಕೇಳಿಸಿತು. ಅನುಸೂಯಮ್ಮ ಕೋಲು ಹಿಡಿದೇ ಹೊರಗೆ ಬಂದಳು. ಅವಳಿಗೆ ಬಂದದ್ದು ಕೃತಜ್ಞತೆಯಲ್ಲ, ಕೋಪ.

"ಯಾಕ್ ಮಾವ ಒಪ್ಕೊಂಡೆ?"

"ಇನ್ನೇನ್ ಏಳ್ಬೇಕಿತ್ತು? ನಾನಲ್ಲ ಕಣಪ್ಪ, ಒಳಗವ್ಳೆ ನೋಡು ಅಂತ ಏಳ್ಲಾ?"

ಅವಳು ಬಾಗಿಲಿಗೆ ಒರಗಿ ನಿಂತಳು. "ಯಾವಾಗಿಂದ ಗೊತ್ತು?"

"ಶಾಂತಿ ಬಾಣಂತನದಾಗಿಂದ. ಹಿಟ್ಟಿನ್ ಡಬ್ಬಿ ನಾನೂ ಎತ್ತಿ ಇಳಿಸ್ತೀನಲ್ಲ."

"ಗೊತ್ತಿದ್ದೂ ಸುಮ್ಕಿದ್ದೆ. ಪುಟ್ಟಿ ರೋಡಿಗೋದ್ ಮೇಲೂ ಸುಮ್ಕಿದ್ದೆ. ಬೋಲ್ಟ್ ಆಕ್ಸಿ ಕೈ ತೊಳ್ಕೊಂಡೆ."

"ಟ್ಯಾಂಕರ್ ಡ್ರೈವರ್ ಏಳ್ದ. ನಮ್ ಜೊತೆ ಬಸ್ ಓಡಿಸ್ತಿದ್ದೋನು." ಮುನಿಯಣ್ಣ ನೆಲ ನೋಡುತ್ತಿದ್ದ. "ನಮ್ಮವ್ವನ್ ನೋಡಿ ಬೆಳ್ದೋನು ಕಣಮ್ಮಿ ನಾನು. ಯಾರಾನ ಬಾಯ್ಬಿಟ್ ಕೇಳಿದ್ರೆ ಅವತ್ತು ಇನ್ನೊಂದ್ ಲೋಟ ಜಾಸ್ತಿ ಕುಡೀತಿದ್ಲು. ಕೇಳ್ದೆ ಇದ್ರೆ ನೀನಾದ್ರೂ ಉಳ್ಕೊಂತೀಯ ಅಂದ್ಕೊಂಡೆ."

"ಉಳ್ಕೊಂಡ್ನಾ?"

ಅನುಸೂಯಮ್ಮ ಒಳಗೆ ಹೋಗಿ ರಾಗಿ ಡಬ್ಬಿಯನ್ನು ಹೊತ್ತು ತಂದು ಅವನ ಮುಂದೆ ಕುಕ್ಕಿದಳು. ಹಿಟ್ಟು ನೆಲಕ್ಕೆಲ್ಲ ಚೆಲ್ಲಿತು. ಪ್ಯಾಕೆಟ್ ತೆಗೆದು, ಹಲ್ಲಿನಲ್ಲೇ ಕಚ್ಚಿ ಹರಿದು, ನೀರೂ ಬೆರೆಸದೆ ಅವನ ಕಣ್ಣೆದುರೇ ಕುಡಿದಳು. ಕೇಳಲಿ, ಬಯ್ಯಲಿ, ಹೊಡೆಯಲಿ ಎಂದೇ ಕುಡಿದಳು. ಮುನಿಯಣ್ಣ ಎದ್ದು ಪೊರಕೆ ತಂದು ಚೆಲ್ಲಿದ ಹಿಟ್ಟನ್ನು ಗುಡಿಸತೊಡಗಿದ. ಅವನ ಬೆನ್ನು ಅಲುಗುತ್ತಿತ್ತು. ಗಂಟಲು ಸುಟ್ಟಿತೇ ಹೊರತು ಆ ಗುಟುಕಿನಲ್ಲಿ ಎಂದಿನ ನೆಮ್ಮದಿ ಚೂರೂ ಇರಲಿಲ್ಲ. ಒಲೆಯ ಮೇಲೆ ಮುದ್ದೆ ಗಂಟುಗಂಟಾಗಿತ್ತು, ಇಬ್ಬರೂ ಅದನ್ನೇ ಉಂಡರು.

ಭಾನುವಾರ ನಾಲ್ವರೂ ಒಟ್ಟಿಗೆ ಹೋದರು. ಮೆಟ್ರೋದಲ್ಲಿ ಸಿದ್ರಾಮ ಮುನಿಯಣ್ಣನ ಪಕ್ಕವೇ ನಿಂತು, ಹೆದರಬೇಡಿ, ಅಲ್ಲಿ ಯಾರೂ ಬೈಯುವುದಿಲ್ಲ ಎಂದು ಸಮಾಧಾನ ಹೇಳುತ್ತಿದ್ದ. ಮುನಿಯಣ್ಣ ಆಯ್ತಪ್ಪ, ಆಯ್ತಪ್ಪ ಎನ್ನುತ್ತಿದ್ದ. ಅನುಸೂಯಮ್ಮ ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಶಾಲೆಯ ಕಾರಿಡಾರಿನಲ್ಲಿ ಗಂಡ ಮೊದಲನೆಯ ಕೋಣೆಗೆ ಹೋದ. ಅವಳು ಎರಡನೆಯದಕ್ಕೆ.

ನೀಲಾಂಬಿಕಾ ಮೇಡಂ ನಕ್ಕು, "ಅಂತೂ ಯಜಮಾನರು ಬಂದ್ರಲ್ಲ, ಒಳ್ಳೇದಾಯ್ತು" ಎಂದರು. ಹೆಂಗಸರೆಲ್ಲ ಅವಳ ಕೈ ಹಿಡಿದು ಸಂತೋಷಪಟ್ಟರು. ಅವಳಿಗೆ ಕುರ್ಚಿ ಸುಡುತ್ತಿತ್ತು. ಗೋಡೆಯಾಚೆ ಯಾರೋ ಹೊಸಬರನ್ನು ಸ್ವಾಗತಿಸುವುದು, ಚಪ್ಪಾಳೆ ಬೀಳುವುದು ಕೇಳಿಸಿತು. ಆ ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಅವಳು ಎದ್ದು ನಿಂತಿದ್ದಳು. "ಎಲ್ಲಿಗ್ರಿ?" ಎಂದು ಭಾಗ್ಯಶ್ರೀ ಕೇಳುತ್ತಿದ್ದಂತೆ ಕಾರಿಡಾರಿಗೆ ಬಂದುಬಿಟ್ಟಳು.

ಮೊದಲನೆಯ ಕೋಣೆಯಲ್ಲಿ ಮುನಿಯಣ್ಣ ಕೈಮುಗಿದು ನಿಂತಿದ್ದ. "ನನ್ ಎಸ್ರು ಮುನಿಯಣ್ಣ" ಎಂದವನು ಮುಂದಕ್ಕೆ ಹೋಗಲಾರದೆ ತಡವರಿಸುತ್ತಿದ್ದ. ಹತ್ತು ಜನರ ಮುಂದೆ ನಿಂತು ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಮನುಷ್ಯನ ಕೊರಳ ನರ ಉಬ್ಬಿತ್ತು. ಉಳಿದವರು, ಹೊಸಬರಿಗೆಲ್ಲ ಹೀಗೇ ಆಗುತ್ತದೆ ಎಂಬಂತೆ ತಾಳ್ಮೆಯಿಂದ ಕಾಯುತ್ತಿದ್ದರು.

"ಮಾವ, ಕುತ್ಕೋ" ಎಂದಳು ಅನುಸೂಯಮ್ಮ ಬಾಗಿಲಿನಿಂದ. ಎಲ್ಲರೂ ತಿರುಗಿದರು. "ಅವ್ರು ಜೀವಮಾನ್ದಲ್ಲಿ ಮುಟ್ದೋರಲ್ಲ. ಕುಡಿಯೋಳು ನಾನು. ಅಲ್ಲಿ ಕುಂತು ಅವ್ರ ಮೇಲೆ ಏಳಿದ್ದೆಲ್ಲ ನಂದೇ."

ಸಿದ್ರಾಮನ ಮುಖ ಕಪ್ಪಿಟ್ಟಿತು. ಅವಳ ಹಿಂದೆಯೇ ಬಂದು ನಿಂತಿದ್ದ ಭಾಗ್ಯಶ್ರೀ ತಿರುಗಿ ಹೋದಳು. ಸೆಕ್ಯುರಿಟಿ ಸಮವಸ್ತ್ರದಲ್ಲಿದ್ದ ಮುದುಕ, ಆವಲಪ್ಪ ಎಂಬವನು, ಎಲ್ಲರಿಗಿಂತ ಹಳಬ. ಅವನು ಎದ್ದು ತನ್ನ ಪಕ್ಕದ ಕುರ್ಚಿಯನ್ನು ಎಳೆದಿಟ್ಟ.

"ಬಾರಮ್ಮ ಒಳಿಕ್ಕೆ. ಬಾಗ್ಲಲ್ ನಿಂತ್ರೆ ಏನೂ ಕೇಳ್ಸಲ್ಲ. ಇವತ್ತು ಬೆಳಿಗ್ಗೆಯಿಂದ ಕುಡಿದಿದ್ದೀಯ?"

"ಇಲ್ಲ."

"ಕೈ ನಡುಗ್ತಾ ಐತೆ. ಒಂದೇ ಏಟ್ಗೆ ಬಿಟ್ರೆ ಇಂಗೇ. ಫಿಟ್ಸ್ ಬಂದ್ ಬಿದ್ದೋಗ್ತಾರೆ ಕೆಲವ್ರು. ನಾಳೆ ಮೊದ್ಲು ಆಸ್ಪತ್ರೆಗೋಗಿ ಡಾಕ್ಟ್ರಿಗೆ ನಿಜ ಏಳಿ ಮಾತ್ರೆ ತಗೋ. ನಾನೂ ಅಂಗೇ ಮಾಡಿದ್ದು." ಆಮೇಲೆ ಮುನಿಯಣ್ಣನ ಕಡೆ ತಿರುಗಿದ. "ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ಇದು ನಮ್ದು. ನಿಮ್ ರೂಮು ಆ ಕಡೆ."

ಮುನಿಯಣ್ಣ ಚಪ್ಪಲಿ ಮೆಟ್ಟಿಕೊಂಡು ಕಾರಿಡಾರಿಗೆ ಹೋದ. ಹೆಂಗಸರ ಕೋಣೆಯ ಬಾಗಿಲಲ್ಲಿ ನಿಂತು, "ಬರ್ಬೋದಾ ಅಮ್ಮ?" ಎಂದು ಕೇಳಿದ್ದು ಗೋಡೆಯ ಈಚೆಗೂ ಕೇಳಿಸಿತು. ಅಂದು ಅವನು ಏನು ಮಾತಾಡಿದ ಎಂದು ಅನುಸೂಯಮ್ಮ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮರಳುವ ದಾರಿಯಲ್ಲಿ ಅವನ ಕಣ್ಣುಗಳು ಕೆಂಪಗಿದ್ದವು.

ಮುಂದಿನದೇನೂ ಸಲೀಸಾಗಿ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಬೇಕಾಯಿತು. ಶಾಂತಿಗೆ ಎಲ್ಲ ಹೇಳಬೇಕಾಯಿತು. ಶಾಂತಿ ಅಳಲಿಲ್ಲ, ಕೂಗಾಡಲಿಲ್ಲ. ಮಾರನೆಯ ದಿನವೇ ಪುಟ್ಟಿಯನ್ನು ಆಫೀಸಿನ ಹತ್ತಿರದ ಡೇಕೇರಿಗೆ ಸೇರಿಸಿದಳು. "ನಿನ್ ಮೇಲೆ ಕೋಪ ಇಲ್ಲಮ್ಮ. ಆದ್ರೆ ಬಿಟ್ಟು ಹೋಗೋಕೆ ನನ್ನ ಕೈಲಿ ಆಗಲ್ಲ" ಎಂದಳು. ಮಗುವಿಲ್ಲದ ಹಗಲು ಅನುಸೂಯಮ್ಮನಿಗೆ ಗಾಣದ ಎತ್ತಿನಂತೆ ಸುತ್ತಿದರೂ ಸರಿಯುತ್ತಿರಲಿಲ್ಲ. ಭಾಗ್ಯಶ್ರೀ ತಾರಸಿಗೆ ಬಟ್ಟೆ ತರುವುದನ್ನೇ ನಿಲ್ಲಿಸಿದಳು, ಕೋಣೆಯೊಳಗೇ ಹಗ್ಗ ಕಟ್ಟಿಕೊಂಡಳು. ಬಹಳ ದಿನದ ಮೇಲೆ ನಲ್ಲಿಯ ಹತ್ತಿರ ಎದುರಾದಾಗ, "ನೀವು ಅತ್ತಾಗ ನಾನೂ ಅತ್ತಿದ್ದೆನ್ರಿ. ಅದನ್ನ ನನಗ ತಡ್ಕೊಳ್ಳಾಕ ಆಗಂಗಿಲ್ಲ" ಎಂದಳು. ಅನುಸೂಯಮ್ಮ, "ನಾನು ಅತ್ತಿದ್ದು ಸುಳ್ಳಲ್ಲ ಕಣಮ್ಮ" ಎಂದಳು. ಭಾಗ್ಯಶ್ರೀ ಕೊಡ ತುಂಬಿಸಿಕೊಂಡು ಹೋದಳು. ಈಗ ಮಾತಾಡುತ್ತಾಳೆ, ಮೊದಲಿನಷ್ಟಲ್ಲ.

ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿಗೆ, ಗಲ್ಲಿಯೆಲ್ಲ ಬಾಡೂಟ, ಎಲ್ಲರ ಮನೆಯಲ್ಲೂ ಬಾಟಲಿ. ಸಂಬಂಧಿಕರ ಮನೆಯ ಹಿತ್ತಿಲಲ್ಲಿ ಪಾತ್ರೆ ತೊಳೆಯಲು ಹೋದವಳು, ಯಾರೋ ಅರ್ಧ ಬಿಟ್ಟಿದ್ದ ಲೋಟವನ್ನು ಎತ್ತಿ ಕುಡಿದಳು. ಆ ಒಂದು ಲೋಟ ಒಂದು ವಾರವಾಯಿತು. ಈ ಸಲ ಮುನಿಯಣ್ಣ ಸುಮ್ಮನಿರಲಿಲ್ಲ. "ಕುಡ್ದಿದ್ದೀಯ" ಎಂದ, ಅಷ್ಟೇ. ಅವಳು "ಊಂ" ಎಂದಳು. ಭಾನುವಾರ ಮತ್ತೆ ಹೋಗಿ ಆವಲಪ್ಪನ ಪಕ್ಕ ಕೂತಳು. ಅವನು ಯಾಕೆ ಎಂದು ಕೇಳಲಿಲ್ಲ. ಸಿದ್ರಾಮ ಚಹಾ ತಂದು ಕೊಟ್ಟ.

ಗಂಡಸರ ನಡುವೆ ಕೂತು ಎಲ್ಲವನ್ನೂ ಹೇಳಿಕೊಳ್ಳಲಾಗುತ್ತಿರಲಿಲ್ಲ. ಅದನ್ನು ತಿಳಿದ ನೀಲಾಂಬಿಕಾ ಮೇಡಂ ಎಲ್ಲೆಲ್ಲೋ ವಿಚಾರಿಸಿ, ಬೇಗೂರಿನಲ್ಲಿ ಕುಡಿತ ಬಿಡುವ ಹೆಂಗಸರದ್ದೇ ಒಂದು ಸಣ್ಣ ಕೂಟ ಬುಧವಾರ ಸೇರುತ್ತದೆ ಎಂದು ಹೇಳಿದರು. ಕಾಡುಗೋಡಿಯಿಂದ ಬೇಗೂರು ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ, ಬಸ್ಸು ಬದಲಿಸಿ ಬದಲಿಸಿ, ಅರ್ಧ ದಿನವೇ ಹೋಗುತ್ತದೆ. ಮುನಿಯಣ್ಣ ಜೊತೆಗೆ ಬರುತ್ತೇನೆ ಎಂದ. ಬೇಡ ಎಂದಳು. ಬಸ್ಸು ನಿಂತಲ್ಲೇ ನಿಂತಾಗ, ಕಿಟಕಿಯ ಹೊರಗೆ ಅಂಗಡಿಗಳ ಬೋರ್ಡು ಕಂಡಾಗ, ಇಳಿದುಬಿಡಲೇ ಎಂದು ಮೈ ಎಳೆಯುತ್ತದೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ.

ಕಳೆದ ಬುಧವಾರ ಅಲ್ಲಿಗೆ ಹೋಗಿ ನೋಡಿದರೆ, ಮೀಟಿಂಗ್ ನಡೆಯುವ ಹಾಲಿಗೆ ಶಾಮಿಯಾನ ಹಾಕಿದ್ದರು, ಯಾರದೋ ನಾಮಕರಣ. ಬಂದಿದ್ದವರು ನಾಲ್ಕೇ ಜನ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯ ಒಬ್ಬ ಹುಡುಗಿ, ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ಇಬ್ಬರು ಮಕ್ಕಳ ತಾಯಿ ಇನ್ನೊಬ್ಬಳು, ಇವಳು. ವಾಪಸ್ ಹೋಗೋಣವೇ ಎಂದು 'ಹ್ಞೂಂ ಊಹ್ಞೂಂ' ಎನ್ನುತ್ತ ನಿಂತರು.

"ಇಷ್ಟ್ ದೂರ ಬಂದು ಸುಮ್ಕೆ ಓಗೋಕಾಯ್ತದಾ?" ಎಂದಳು ಅನುಸೂಯಮ್ಮ. "ನಂಗಂತೂ ಆಗಲ್ಲ. ದಾರೀಲಿ ಅಂಗ್ಡಿ ಜಾಸ್ತಿ."

ಹುಡುಗಿ ನಕ್ಕಳು. ನಾಲ್ವರೂ ಹತ್ತಿರದ ಹಳೆಯ ದೇವಸ್ಥಾನದ ಅಂಗಳಕ್ಕೆ ಹೋಗಿ, ಕಲ್ಲಿನ ಜಗಲಿಯ ನೆರಳಲ್ಲಿ ಕೂತರು. ಜನ ಓಡಾಡುತ್ತಿದ್ದರು, ಯಾರೂ ಇವರ ಕಡೆ ನೋಡಲಿಲ್ಲ. ಹುಡುಗಿ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ತನ್ನ ವಾರವನ್ನು ಹೇಳಿದಳು. ಹೊಲಿಯುವವಳು, ಈ ವಾರ ಹೇಳುವಂಥದ್ದೇನಿಲ್ಲ, ಬದುಕಿದ್ದೀನಿ ಅಷ್ಟೇ ಎಂದಳು. ಅನುಸೂಯಮ್ಮನ ಸರದಿ ಬಂದಾಗ ಅವಳ ಮೊಣಕಾಲು ಕುಣಿಯುತ್ತಿತ್ತು. ಅದನ್ನು ಕೈಯಲ್ಲಿ ಒತ್ತಿ ಹಿಡಿದು, ಹೆಸರು ಹೇಳಿಕೊಂಡು, ಮಗುವಿಲ್ಲದ ಮನೆಯ ಮಧ್ಯಾಹ್ನ ಎಷ್ಟು ಉದ್ದವಾಗಿರುತ್ತದೆ ಎಂಬುದನ್ನು ಹೇಳತೊಡಗಿದಳು. ಮುಗಿಸಿದಾಗ ಬಿಸಿಲು ಗೋಪುರದ ಮೇಲಕ್ಕೆ ಹತ್ತಿತ್ತು. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ತಪ್ಪಿದರೆ ಕಷ್ಟ ಎಂದು ಎದ್ದು, ಸೀರೆಯ ಧೂಳು ಕೊಡವಿಕೊಂಡು ಸ್ಟಾಪಿನ ಕಡೆ ಬಿರಬಿರನೆ ನಡೆದಳು.